ಕರಿಬೇವಿಗೆ ಹುಳ ಬಿದ್ದಿದೆ, ಏನು ಹೊಡೆಯಲಿ?

ಮುಂಬೈಯಲ್ಲಿ ಕನ್ನಡದವರ ಮನೆ ಎಷ್ಟೇ ಚಿಕ್ಕದಿರಲಿ, ಒಂದು ತುಳಸಿ, ಒಂದು ಕರಿಬೇವು ಇದ್ದೇ ಇರುತ್ತದೆ. ಬಾಲ್ಕನಿ ಇಲ್ಲದಿದ್ದರೆ ಕಿಟಕಿಯ ಗ್ರಿಲ್‌ನಲ್ಲಿ. ನಾನು ಗಿಡ, ಚಿಟ್ಟೆ, ಹಕ್ಕಿ ಅಂತ ಓಡಾಡುವವಳು ಎಂದು ಗೊತ್ತಿರುವವರೆಲ್ಲ ಕೇಳುವುದು ಈ ಕರಿಬೇವಿನ ಬಗ್ಗೆಯೇ. ಡೊಂಬಿವಲಿಯಿಂದ ಫೋನ್ ಮಾಡುವವರು ಕೇಳುತ್ತಾರೆ. ಮಾಟುಂಗದಲ್ಲಿ ಕಾರ್ಯಕ್ರಮ ಮುಗಿದು ಊಟಕ್ಕೆ ನಿಂತಾಗ ಪಕ್ಕದವರು ಕೇಳುತ್ತಾರೆ. "ಎಲೆಯೆಲ್ಲ ತಿಂದು ಹಾಕಿದೆ, ಹುಳ ಬಿದ್ದಿದೆ. ಏನು ಹೊಡೆಯಲಿ?" ಸ್ವಲ್ಪ ಮಾತಾದ ಮೇಲೆ ಅವರೇ ಇನ್ನೊಂದು ಮಾತು ಕೇಳುತ್ತಾರೆ. "ನಿಮ್ಮ ಬಾಲ್ಕನಿಗೆ ಅಷ್ಟೊಂದು ಚಿಟ್ಟೆ ಬರುತ್ತವಲ್ಲ, ನಮ್ಮಲ್ಲಿ ಯಾಕೆ ಬರೋದಿಲ್ಲ?"

ಎರಡಕ್ಕೂ ನನ್ನ ಉತ್ತರ ಒಂದೇ. ಏನೂ ಹೊಡೆಯಬೇಡಿ. ನೀವು ಕಾಯುತ್ತಿರುವ ಚಿಟ್ಟೆ ಆ ಎಲೆಯ ಮೇಲೆಯೇ ಕೂತಿದೆ.

ಕರಿಬೇವಿಗೆ ಬರುವ ಹುಳ ಹೆಚ್ಚಾಗಿ ಎರಡು ಚಿಟ್ಟೆಗಳದ್ದು. ಒಂದು ಕಾಮನ್ ಮಾರ್ಮನ್, ಇನ್ನೊಂದು ನಿಂಬೆ ಚಿಟ್ಟೆ. ತಾಯಿ ಚಿಟ್ಟೆ ಎಳೆ ಚಿಗುರನ್ನೇ ಹುಡುಕಿ ಬರುತ್ತದೆ. ಕಾಲಿನಿಂದ ಎಲೆಯ ರುಚಿ ನೋಡುತ್ತದೆ. ಸರಿಯಾದ ಗಿಡ ಅಂತ ಖಾತ್ರಿಯಾದ ಮೇಲೆ ಒಂದೊಂದೇ ಮೊಟ್ಟೆ ಇಡುತ್ತದೆ. ಗುಂಡುಪಿನ್ನಿನ ತಲೆಯಷ್ಟು ಗಾತ್ರ, ತಿಳಿ ಹಳದಿ ಬಣ್ಣ. ಮೂರ್ನಾಲ್ಕು ದಿನಕ್ಕೆ ಹುಳ ಹೊರಗೆ ಬರುತ್ತದೆ. ಮೊದಲು ತಿನ್ನುವುದು ತನ್ನದೇ ಮೊಟ್ಟೆಯ ಸಿಪ್ಪೆ.

ಆಮೇಲಿನದನ್ನು ಒಮ್ಮೆ ಹತ್ತಿರದಿಂದ ನೋಡಿ. ಮೊದಲ ಕೆಲವು ದಿನ ಈ ಹುಳ ಕಂದು ಬಣ್ಣ, ಮಧ್ಯದಲ್ಲಿ ಬಿಳಿ ಪಟ್ಟೆ, ಮೈಮೇಲೆ ಹಸಿ ಹಸಿ ಹೊಳಪು. ಥೇಟ್ ಹಕ್ಕಿಯ ಹಿಕ್ಕೆ. ಹಕ್ಕಿ ನೋಡಿದರೂ ತನ್ನದೇ ಹಿಕ್ಕೆ ಅಂತ ಬಿಟ್ಟು ಹೋಗಬೇಕು, ಅದಕ್ಕೇ ಈ ವೇಷ. ದೊಡ್ಡದಾದಾಗ ಆ ವೇಷ ನಡೆಯುವುದಿಲ್ಲ. ಆಗ ಪೊರೆ ಕಳಚಿ ಹಸಿರಾಗುತ್ತದೆ, ಎಲೆಯಲ್ಲಿ ಸೇರಿಹೋಗುತ್ತದೆ. ಹೆಗಲಿನ ಹತ್ತಿರ ಎರಡು ಸುಳ್ಳು ಕಣ್ಣು ಮೂಡುತ್ತವೆ. ಒಂದು ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಹೊರಗೆ ಬರುತ್ತದೆ. ಜೊತೆಗೊಂದು ಘಾಟು ವಾಸನೆ. ಇರುವೆ, ಸಣ್ಣ ಕಣಜಗಳನ್ನು ಓಡಿಸಲು ಅದು. ನಮಗೆ ಏನೂ ಆಗುವುದಿಲ್ಲ. ಕಚ್ಚುವುದಿಲ್ಲ, ತುರಿಕೆ ಇಲ್ಲ. ನಮ್ಮಲ್ಲಿ ಎಲೆ ತಿನ್ನುವ ಹುಳವನ್ನೆಲ್ಲ ಕಂಬಳಿಹುಳ ಅಂದುಬಿಡುತ್ತಾರೆ. ತುರಿಸುವುದು ಹೆಚ್ಚಾಗಿ ಮೈತುಂಬ ರೋಮ ಇರುವವು. ಅವನ್ನು ಮುಟ್ಟಬೇಡಿ, ಅಷ್ಟೇ. ಕರಿಬೇವಿನ ಈ ಹುಳಕ್ಕೆ ರೋಮವೇ ಇಲ್ಲ.

ಸುಮಾರು ಎರಡು ವಾರ ತಿಂದ ಮೇಲೆ ಹುಳ ಒಂದು ಕಡ್ಡಿ ಹಿಡಿದು, ಸೊಂಟಕ್ಕೆ ರೇಷ್ಮೆಯ ದಾರ ಕಟ್ಟಿಕೊಂಡು ಕೋಶವಾಗುತ್ತದೆ. ಸುತ್ತ ಹಸಿರಿದ್ದರೆ ಕೋಶವೂ ಹಸಿರು, ಒಣಗಿದ ಕಡ್ಡಿಯಾದರೆ ಸಾಮಾನ್ಯವಾಗಿ ಕಂದು. ಮತ್ತೆ ಒಂದೆರಡು ವಾರಕ್ಕೆ, ಹೆಚ್ಚಾಗಿ ಬೆಳಗಿನ ಹೊತ್ತು, ಚಿಟ್ಟೆ ಹೊರಗೆ ಬರುತ್ತದೆ. ಕೆಲವೊಮ್ಮೆ ಚಿಟ್ಟೆಯ ಬದಲು ಕೋಶದಲ್ಲಿ ತೂತು ಬಿದ್ದು ಪುಟ್ಟ ಪುಟ್ಟ ಕಣಜಗಳು ಬರುತ್ತವೆ. ಮಕ್ಕಳಿಗೆ ಬೇಜಾರಾಗುತ್ತದೆ. ಆದರೆ ಹುಳ ಮಿತಿ ಮೀರದ ಹಾಗೆ ನೋಡಿಕೊಳ್ಳುವುದು ಇವೇ ಕಣಜಗಳು, ಔಷಧಿ ಹೊಡೆದರೆ ಮೊದಲು ಸಾಯುವುದೂ ಇವೇ.

"ಬೇವಿನೆಣ್ಣೆ ಹೊಡೆಯಬಹುದಲ್ವಾ? ಅದು ಸಾವಯವ" ಅನ್ನುತ್ತಾರೆ. ಬೇವಿನಲ್ಲಿರುವ ಅಂಶ ಹುಳಕ್ಕೆ ತಿನ್ನಲು ಬಿಡುವುದಿಲ್ಲ, ಬೆಳೆಯಲೂ ಬಿಡುವುದಿಲ್ಲ. ಸಾವಯವ ಆದರೂ ಚಿಟ್ಟೆಯ ಹುಳ ಸಾಯುವುದು ಸಾಯುವುದೇ. ಕರಿಬೇವು ಗಟ್ಟಿ ಗಿಡ. ಬೇರು ಚೆನ್ನಾಗಿದ್ದರೆ ಎಲೆ ಬೋಳಾದರೂ ಮತ್ತೆ ಚಿಗುರುತ್ತದೆ. ಒಗ್ಗರಣೆಗೆ ಎಲೆ ಬೇಕು ಅನ್ನುವವರಿಗೆ ನಾನು ಹೇಳುವುದು, ಎರಡು ಕುಂಡ ಇಡಿ. ಒಂದರ ಮೇಲಿನ ಹುಳವನ್ನು ಎಲೆಯ ಸಮೇತ ಎತ್ತಿ ಇನ್ನೊಂದಕ್ಕೆ ಬಿಡಿ. ಮಾಟುಂಗ ಮಾರುಕಟ್ಟೆಯಲ್ಲಿ ಕರಿಬೇವಿಗೆ ಬರವಿಲ್ಲ, ಚಿಟ್ಟೆಗೆ ಆ ಮಾರುಕಟ್ಟೆ ಇಲ್ಲ.

ಈಗ ಎರಡನೇ ಪ್ರಶ್ನೆ. ಚಿಟ್ಟೆ ಬರಲಿ ಅಂತ ಜನ ನರ್ಸರಿಗೆ ಹೋಗಿ ಬಣ್ಣದ ಹೂವಿನ ಗಿಡ ತರುತ್ತಾರೆ. ಹೂ ಇದ್ದರೆ ಚಿಟ್ಟೆ ಬಂದು ಮಕರಂದ ಕುಡಿದು ಹೋಗುತ್ತದೆ. ಉಳಿಯಬೇಕಾದರೆ ಅದರ ಮರಿ ತಿನ್ನುವ ಎಲೆ ಇರಬೇಕು. ಒಂದೊಂದು ಚಿಟ್ಟೆಗೆ ಒಂದೊಂದು ಗಿಡದ ಹಟ. ನಿಂಬೆ, ಚಕ್ಕೋತ ಇದ್ದರೆ ಬ್ಲೂ ಮಾರ್ಮನ್ ಬರಬಹುದು. ಅಂಗೈ ಅಗಲದ ಕಪ್ಪು ಚಿಟ್ಟೆ, ಹಿಂದಿನ ರೆಕ್ಕೆಯಲ್ಲಿ ಆಕಾಶದ ನೀಲಿ. ಮರಾಠಿಯಲ್ಲಿ ನೀಲವಂತ. 2015ರಲ್ಲಿ ಮಹಾರಾಷ್ಟ್ರ ಇದನ್ನು ರಾಜ್ಯ ಚಿಟ್ಟೆ ಎಂದು ಘೋಷಿಸಿತು. ರಾಜ್ಯ ಚಿಟ್ಟೆ ಅಂತ ಒಂದನ್ನು ಆರಿಸಿದ ಮೊದಲ ರಾಜ್ಯ ಇದೇ. ಎಕ್ಕದ ಗಿಡ ಇದ್ದರೆ ಪ್ಲೇನ್ ಟೈಗರ್ ಬರುತ್ತದೆ. ಊರಲ್ಲಿ ಗಣಪತಿಗೆ ಎಕ್ಕದ ಹೂ ಏರಿಸಿದವರು ನಾವು. ಇಲ್ಲಿ ಶನಿವಾರ ಮಾರುತಿಗೆ ಅದರ ಎಲೆಯ ಹಾರ ಹಾಕುತ್ತಾರೆ. ದೊಡ್ಡ ಕುಂಡದಲ್ಲಿ ಬೆಳೆಸಬಹುದು, ಹಾಲು ಕಣ್ಣಿಗೆ ತಾಗದಂತೆ ಮಾತ್ರ ಜೋಪಾನ. ಕುಂಡದಲ್ಲಿ ತಾನಾಗಿ ಹುಟ್ಟುವ ಗೋಣಿ ಸೊಪ್ಪನ್ನು ಕಳೆ ಅಂತ ಕೀಳಬೇಡಿ. ಡನೈಡ್ ಎಗ್‌ಫ್ಲೈ ಎಂಬ ಚಿಟ್ಟೆಗೆ ಅದು ಬೇಕು.

ಊರಿನದ್ದೇ ಗಿಡ ಇರಲಿ ಅನ್ನುವುದು ನನ್ನ ಹಟ. ಆದರೆ ಕಣ್ಣು ಮುಚ್ಚಿಕೊಂಡು ಅಲ್ಲ. ಕಾಡುಬಸಳೆ ಮಡಗಾಸ್ಕರ್‌ನಿಂದ ಬಂದದ್ದು. ಈಗ ನಮ್ಮ ರೆಡ್ ಪಿಯರೊ ಚಿಟ್ಟೆಯ ಹುಳ ಅದರ ದಪ್ಪ ಎಲೆಯೊಳಗೇ ಸುರಂಗ ಕೊರೆದು ಬೆಳೆಯುತ್ತದೆ. ಅದು ಕುಂಡದಲ್ಲಿದ್ದರೆ ಇರಲಿ. ಲಂಟಾನ ಮಾತ್ರ ಬೇಡ. ಅದರ ಹೂವಿಗೆ ಚಿಟ್ಟೆ ಮುತ್ತುತ್ತವೆ, ನಿಜ. ಹಣ್ಣನ್ನು ಹಕ್ಕಿ ತಿಂದು ಕಾಡಿನಲ್ಲಿ ಹರಡುತ್ತದೆ, ಆ ಪೊದೆಯ ಕೆಳಗೆ ಬೇರೆ ಗಿಡಕ್ಕೆ ಜಾಗ ಸಿಗುವುದಿಲ್ಲ. ನಾವಿರುವುದು ಬೋರಿವಲಿ ರಾಷ್ಟ್ರೀಯ ಉದ್ಯಾನದ ಬುಡದಲ್ಲಿ. ನೂರಕ್ಕೂ ಹೆಚ್ಚು ಚದರ ಕಿಲೋಮೀಟರ್ ಕಾಡು, ಚಿರತೆ ಓಡಾಡುವ ಜಾಗ. ಅದರ ಪಕ್ಕದಲ್ಲಿ ಕೂತು ಲಂಟಾನ ಬೆಳೆಸುವುದು ನನಗೆ ಒಪ್ಪುವುದಿಲ್ಲ. ಮಕರಂದಕ್ಕೆ ಕೇಪಳ ಸಾಕು. ದಕ್ಷಿಣ ಕನ್ನಡದವರಿಗೆ ಅದನ್ನು ಹೊಸದಾಗಿ ಪರಿಚಯ ಮಾಡಿಸಬೇಕಾಗಿಲ್ಲ. ತುಂಬೆ ಬೀಜ ಸಿಕ್ಕರೆ ಉದುರಿಸಿ. ತುಳಸಿಯ ಕದಿರನ್ನೆಲ್ಲ ಚಿವುಟಬೇಡಿ, ಕೆಲವು ಹೂ ಬಿಡಲಿ. ಕಾಮಕಸ್ತೂರಿ ಇದ್ದರಂತೂ ನೀಲಿ ಪಟ್ಟೆಯ ದುಂಬಿ ಬರುತ್ತದೆ. ಸಂಜೆ ಕತ್ತಲಾಗುವ ಹೊತ್ತಿಗೆ ಒಣ ಕಡ್ಡಿಗಳನ್ನು ನೋಡಿ. ಈ ಜಾತಿಯ ಗಂಡು ದುಂಬಿಗಳು ಬಾಯಿಂದ ಕಡ್ಡಿ ಕಚ್ಚಿಕೊಂಡು ಸಾಲಾಗಿ ನೇತಾಡಿ ಮಲಗುತ್ತವೆ. ಟೊಮೆಟೊ, ಬದನೆ ಹೂವನ್ನು ಹಿಡಿದು ರೆಕ್ಕೆಯ ಸ್ನಾಯುಗಳಿಂದ ನಡುಗಿಸಿ ಪರಾಗ ಉದುರಿಸುವ ದುಂಬಿ ಇದು. ಇಂಥವು ಬಂದರೆ ಕುಂಡದ ಟೊಮೆಟೊ ಚೆನ್ನಾಗಿ ಕಾಯಿ ಕಚ್ಚುತ್ತದೆ.

ದಾಸವಾಳಕ್ಕೆ ಬಿಳಿ ಹಿಟ್ಟಿನ ಹುಳ ಬಂದರೆ? ಅದಕ್ಕೂ ಔಷಧಿ ಕೇಳುತ್ತಾರೆ. ಮೊದಲು ಭೂತಗನ್ನಡಿ ಹಿಡಿದು ನೋಡಿ ಅನ್ನುತ್ತೇನೆ. ಆ ಬಿಳಿ ಹಿಟ್ಟಿನ ನಡುವೆ, ಮೈಗೆಲ್ಲ ಅದೇ ಹಿಟ್ಟು ಅಂಟಿಸಿಕೊಂಡು, ಹುಳಗಳನ್ನೇ ತಿನ್ನುವ ಇನ್ನೊಂದು ಹುಳ ಇರಬಹುದು. ಏಪ್‌ಫ್ಲೈ ಎಂಬ ಸಣ್ಣ ಚಿಟ್ಟೆಯ ಮರಿ ಅದು. ಎಲೆ ಮುಟ್ಟದೆ ಮಾಂಸ ತಿನ್ನುವ ಅಪರೂಪದ ಮರಿ. ಅದರ ಕೋಶವನ್ನು ನೋಡಿದರೆ ಮಂಗನ ಮುಖ ಕಾಣುತ್ತದೆ. ಹೆಸರು ಬಂದದ್ದೇ ಅದರಿಂದ. ಬಿಳಿ ಹಿಟ್ಟು ಜಾಸ್ತಿಯಾಗಿ ಗಿಡ ಸೊರಗುತ್ತಿದ್ದರೆ ನೀರಿನ ಧಾರೆಯಿಂದ ತೊಳೆಯಿರಿ, ಸಾಕು.

ಹಕ್ಕಿಗಳ ವಿಷಯಕ್ಕೂ ಹುಳವೇ ಮುಖ್ಯ. ಕಾಳು ತಿನ್ನುವ ಗುಬ್ಬಚ್ಚಿ ಕೂಡ ಮರಿಗೆ ಕೊಡುವುದು ಹುಳವನ್ನೇ. ಗೂಡಿನ ಪೆಟ್ಟಿಗೆ ತಂದು ತೂಗುಹಾಕಿ, ಅದೇ ಬಾಲ್ಕನಿಯಲ್ಲಿ ಔಷಧಿ ಹೊಡೆದರೆ ಮರಿಗಳಿಗೆ ಊಟ ಎಲ್ಲಿಂದ? ಸೂರಕ್ಕಿ ಬಾಲ್ಕನಿಯ ತಂತಿಗೇ ಗೂಡು ಕಟ್ಟುತ್ತದೆ. ನಾರು, ಒಣ ತೊಗಟೆ ತಂದು ಜೇಡರ ಬಲೆಯಿಂದ ಅಂಟಿಸುತ್ತದೆ. ಮೂಲೆಮೂಲೆಯ ಬಲೆಯನ್ನೆಲ್ಲ ಗುಡಿಸಿ ಹಾಕಿದರೆ ಅದಕ್ಕೆ ಕಟ್ಟಲು ಸಾಮಾನಿಲ್ಲ, ಮರಿಗೆ ಕೊಡಲು ಜೇಡವೂ ಇಲ್ಲ. ಮನೆಯ ಒಳಗೆ ಗುಡಿಸಿ, ಬಾಲ್ಕನಿಯ ಒಂದು ಮೂಲೆ ಬಿಡಿ. ನೀರಿನ ಬಟ್ಟಲು ಇಡಿ, ಆದರೆ ದಿನಾ ತೊಳೆದು ಬದಲಿಸಿ. ಡೆಂಗಿ ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಲು ಒಂದು ವಾರಕ್ಕಿಂತ ಸ್ವಲ್ಪ ಜಾಸ್ತಿ ಬೇಕು, ದಿನಾ ಬದಲಿಸುವ ನೀರಿನಲ್ಲಿ ಅದು ಬೆಳೆಯುವುದಿಲ್ಲ. ಕುಂಡದ ಕೆಳಗಿನ ತಟ್ಟೆಯಲ್ಲಿ ಮಾತ್ರ ನೀರು ನಿಲ್ಲಬಾರದು. ಕಾರ್ಪೊರೇಷನ್‌ನವರು ಹುಡುಕುವುದು ಅದನ್ನೇ, ಹುಡುಕಬೇಕಾದದ್ದೂ ಅದನ್ನೇ.

ಪಾರಿವಾಳಕ್ಕೆ ಕಾಳು ಹಾಕುವುದು ಬೇರೆ ವಿಷಯ. 2025ರಲ್ಲಿ ದಾದರ್‌ನ ಕಬೂತರ್‌ಖಾನೆ ಮುಚ್ಚಿದಾಗ ಊರೆಲ್ಲ ಅದೇ ಮಾತಾಡಿತು. ಭಕ್ತಿಯಿಂದ ಕಾಳು ಹಾಕುವವರ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಪಾರಿವಾಳಕ್ಕೆ ನಮ್ಮ ಸಹಾಯ ಬೇಕಾಗಿಲ್ಲ. ಹಿಕ್ಕೆಯ ಧೂಳಿನಿಂದ ಕೆಲವರ ಶ್ವಾಸಕೋಶಕ್ಕೆ ತೊಂದರೆಯಾಗುತ್ತದೆ. ಬಾಲ್ಕನಿಯಲ್ಲಿ ಪಾರಿವಾಳ ನೆಲೆಯೂರಿದರೆ ಸಣ್ಣ ಹಕ್ಕಿಗಳು ಬರುವುದು ಕಷ್ಟ.

ಇಷ್ಟೆಲ್ಲ ಒಬ್ಬರೇ ಕಲಿಯುವುದು ಕಷ್ಟ. ಜೊತೆ ಬೇಕು. ಮುಂಬೈ ಆ ವಿಷಯದಲ್ಲಿ ಪುಣ್ಯ ಮಾಡಿದ ಊರು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹುಟ್ಟಿದ್ದು 1883ರಲ್ಲಿ, ಇಲ್ಲಿಯೇ. ಅವರ ಶಿಕ್ಷಣ ಕೇಂದ್ರ ಗೋರೆಗಾಂವ್‌ನ ಫಿಲ್ಮ್ ಸಿಟಿ ಹತ್ತಿರ, ಕಾಡಿನ ಅಂಚಿನಲ್ಲಿದೆ. ಠಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ ಓವಳೇಕರ್ ವಾಡಿ ಇದೆ. ಒಂದು ಕುಟುಂಬದ ಜಮೀನಿನಲ್ಲೇ ಚಿಟ್ಟೆಗಳಿಗೆ ಬೇಕಾದ ಗಿಡ ಬೆಳೆಸಿ ಮಾಡಿದ ತೋಟ. ಯಾವ ಚಿಟ್ಟೆಗೆ ಯಾವ ಎಲೆ ಎಂದು ಕಣ್ಣಾರೆ ನೋಡಲು ಅದಕ್ಕಿಂತ ಒಳ್ಳೆಯ ಜಾಗ ಹತ್ತಿರದಲ್ಲಿ ನನಗೆ ಗೊತ್ತಿಲ್ಲ. ಸುಮ್ನೆ ಹೊರಟುಬಿಡಬೇಡಿ, ತೆರೆದಿದೆಯಾ ಅಂತ ಕೇಳಿಕೊಂಡು ಹೋಗಿ. ಧಾರಾವಿ ಪಕ್ಕದ ಮಹಾರಾಷ್ಟ್ರ ನೇಚರ್ ಪಾರ್ಕ್ ಒಂದು ಕಾಲಕ್ಕೆ ಊರಿನ ಕಸ ಸುರಿಯುವ ಜಾಗವಾಗಿತ್ತು. ಈಗ ಮಿಠಿ ನದಿಯ ದಡದಲ್ಲಿ 37 ಎಕರೆ ಹಸಿರು. ಸಮುದ್ರ ಇಷ್ಟ ಅನ್ನುವವರು ಮರೀನ್ ಲೈಫ್ ಆಫ್ ಮುಂಬೈ ತಂಡದ ದಡದ ನಡಿಗೆಗೆ ಸೇರಿಕೊಳ್ಳಿ. ನೀರು ಇಳಿದಾಗ ಹಾಜಿ ಅಲಿ, ಜುಹು ದಡದಲ್ಲಿ ಏನೇನು ಜೀವ ಇದೆ ಎಂದು ತೋರಿಸುತ್ತಾರೆ.

ಹೊಸಬರಿಗೆ ಸೆಪ್ಟೆಂಬರ್ ಒಳ್ಳೆಯ ಸಮಯ. 2020ರಿಂದ ದೇಶದಾದ್ಯಂತ ಆ ತಿಂಗಳನ್ನು ಬಿಗ್ ಬಟರ್‌ಫ್ಲೈ ಮಂತ್ ಎಂದು ನಡೆಸುತ್ತಾರೆ. ಮಳೆ ಬಂದು ಎಲೆ ತುಂಬಿರುತ್ತದೆ, ಚಿಟ್ಟೆ ಜಾಸ್ತಿ. ಕಂಡದ್ದರ ಫೋಟೊ ತೆಗೆದು ಐನ್ಯಾಚುರಲಿಸ್ಟ್ ಎಂಬ ಜಾಲತಾಣಕ್ಕೆ ಹಾಕಿದರೆ ಹೆಸರು ಹೇಳುವವರು ಸಿಗುತ್ತಾರೆ. ಫೆಬ್ರವರಿಯ ನಡುವಿನಲ್ಲಿ ನಾಲ್ಕು ದಿನ ಹಕ್ಕಿ ಎಣಿಕೆ ನಡೆಯುತ್ತದೆ. ಬಾಲ್ಕನಿಯಲ್ಲಿ ಕಾಫಿ ಹಿಡಿದು ಹದಿನೈದು ನಿಮಿಷ ಕೂತು ಎಣಿಸಿದರೂ ಆ ಪಟ್ಟಿಗೆ ಸೇರುತ್ತದೆ. ಕಾಗೆ, ಪಾರಿವಾಳ ಮಾತ್ರ ಕಂಡರೆ ಅದನ್ನೇ ಬರೆಯಿರಿ.

ಈ ಪಟ್ಟಿ, ಫೋಟೊಗಳಿಂದ ಏನು ಪ್ರಯೋಜನ ಅಂತಲೂ ಕೇಳುತ್ತಾರೆ. ನಮ್ಮ ಹೌಸಿಂಗ್ ಸೊಸೈಟಿಯದ್ದೇ ಉದಾಹರಣೆ ಕೊಡುತ್ತೇನೆ. ಕಂಪೌಂಡಿನ ಉದ್ದಕ್ಕೂ ಎತ್ತರದ ಹುಸಿ ಅಶೋಕ ಮರಗಳಿವೆ, ಮುಂಬೈಯ ಎಷ್ಟೋ ಸೊಸೈಟಿಗಳಲ್ಲಿ ಇರುವ ಹಾಗೆ. ಹಸಿರು ಚುಕ್ಕೆಯ ಟೇಲ್ಡ್ ಜೇ ಚಿಟ್ಟೆ ಮೊಟ್ಟೆ ಇಡುವುದು ಆ ಮರದ ಎಲೆಗೆ. ಗೇಟಿನ ಬಳಿ ಮಾವಿನ ಮರ, ಅದರ ಮೇಲೆ ಬಂದಳಿಕೆ. ಮಾವಿಗೆ ಬ್ಯಾರನ್ ಚಿಟ್ಟೆ ಬರುತ್ತದೆ. ಅದರ ಹುಳ ಎಲೆಯ ನಡುನರದ ಮೇಲೆ ನೇರವಾಗಿ ಮಲಗಿದರೆ ಎದುರಿಗಿದ್ದರೂ ಕಾಣುವುದಿಲ್ಲ. ಬಂದಳಿಕೆಗೆ ಜೆಜೆಬೆಲ್ ಚಿಟ್ಟೆ ಬರುತ್ತದೆ. ಅದರ ಹಣ್ಣಿಗೆ ಹೆಬ್ಬೆರಳಿನಷ್ಟು ಸಣ್ಣ ಹಕ್ಕಿ ಫ್ಲವರ್‌ಪೆಕರ್ ಬರುತ್ತದೆ. ಮೇ ತಿಂಗಳಲ್ಲಿ ಮಳೆಗೆ ಮುಂಚೆ ಕೊಂಬೆ ಕಡಿಯಲು ಕಾಂಟ್ರಾಕ್ಟರ್ ಬಂದರೆ ಇದೆಲ್ಲ ಒಂದೇ ದಿನದಲ್ಲಿ ಹೋಗುತ್ತಿತ್ತು. ಮರ ಕಡಿಯಲು 1975ರ ಕಾಯ್ದೆಯ ಪ್ರಕಾರ ಅನುಮತಿ ಬೇಕು, ನಿಜ. ಅನುಮತಿ ಪತ್ರದಲ್ಲಿ ಗೂಡಿನ ಲೆಕ್ಕ ಇರುವುದಿಲ್ಲ. ಕಟ್ಟಡದ ಮಕ್ಕಳು ತೆಗೆದ ಫೋಟೊಗಳನ್ನು ಕಮಿಟಿ ಸಭೆಯಲ್ಲಿ ತೋರಿಸಿದೆವು. ಅಪಾಯ ಅನ್ನಿಸುವ ಕೊಂಬೆ ಮಾತ್ರ ಕಡಿಯುವುದು, ಉಳಿದದ್ದು ಬಿಡುವುದು ಎಂದು ತೀರ್ಮಾನವಾಯಿತು. ಈಗ ಕಡಿಯುವ ದಿನ ಗೊತ್ತಾದ ಕೂಡಲೇ ಸೆಕ್ರೆಟರಿ ಮಕ್ಕಳ ಗುಂಪಿಗೆ ಹೇಳುತ್ತಾರೆ. ಮಕ್ಕಳು ಹಿಂದಿನ ದಿನ ಬೈನಾಕ್ಯುಲರ್ ಹಿಡಿದು ಒಂದು ಸುತ್ತು ಬರುತ್ತಾರೆ. ಗೂಡು ಇರುವ ಮರಕ್ಕೆ ಕೆಂಪು ರಿಬ್ಬನ್ ಕಟ್ಟುತ್ತಾರೆ, ಆ ಮರದ ಸರದಿ ಮುಂದಕ್ಕೆ ಹೋಗುತ್ತದೆ.