ಯಾಂಬಾ ಮತ್ತು ಇಲುಕಾ ಕಡಲತೀರಗಳಲ್ಲಿ ಬ್ರೀಮ್ ಗಾಳ: ಚಳಿಗಾಲದಲ್ಲಿ ಹೋಗುವವರಿಗೆ ಕೆಲವು ಮಾತು

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಉತ್ತರ ಕರಾವಳಿಯಲ್ಲಿ, ಕ್ಲಾರೆನ್ಸ್ ನದಿ ಸಮುದ್ರ ಸೇರುವ ಅಳಿವೆಯ ದಕ್ಷಿಣ ದಡದಲ್ಲಿ ಯಾಂಬಾ, ಉತ್ತರ ದಡದಲ್ಲಿ ಇಲುಕಾ ಎಂಬ ಎರಡು ಸಣ್ಣ ಊರುಗಳಿವೆ. ತೆರೆದ ಕಡಲಿನ ಮರಳ ದಂಡೆಯಲ್ಲಿ ನಿಂತು ಬ್ರೀಮ್ ಎಂಬ ಮೀನನ್ನು ಹಿಡಿಯಬೇಕೆನ್ನುವವರಿಗೆ ಇವೆರಡರ ಸುತ್ತಮುತ್ತಲಿನ ತೀರಗಳಷ್ಟು ಅನುಕೂಲವಾದ ಜಾಗವನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಳೆದ ಚಳಿಗಾಲದಲ್ಲಿ ಗೆಳೆಯರ ಜೊತೆ ಅಲ್ಲಿ ತಂಗಿದ್ದಾಗ ಕಂಡದ್ದನ್ನೂ, ಅಲ್ಲಿಯೇ ವರ್ಷಗಟ್ಟಲೆ ಗಾಳ ಹಾಕುತ್ತಿರುವ ಹಿರಿಯರಿಂದ ಕೇಳಿ ತಿಳಿದದ್ದನ್ನೂ, ಇದೇ ಪ್ರವಾಸವನ್ನು ಯೋಚಿಸುತ್ತಿರುವವರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಇಲ್ಲಿ ಸಿಗುವುದು ಹಳದಿ ರೆಕ್ಕೆಯ ಬ್ರೀಮ್. ವರ್ಷದ ಬಹುಪಾಲು ನದಿಯಲ್ಲಿ, ಕಾಂಡ್ಲಾದ ಬೇರುಗಳ ನಡುವೆ, ಸಿಂಪಿ ಬಂಡೆಗಳ ಸುತ್ತ ಮೇಯುವ ಈ ಮೀನು ಚಳಿಗಾಲದಲ್ಲಿ ಮೊಟ್ಟೆಯಿಡಲು ಅಳಿವೆಯ ಕಡೆಗೆ ಇಳಿದು ಬರುತ್ತದೆ. ಆಗ ಅಕ್ಕಪಕ್ಕದ ಕಡಲತೀರಗಳ ನೊರೆಯಲ್ಲೂ ಗುಂಪುಗುಂಪಾಗಿ ಓಡಾಡುತ್ತದೆ. ಆದ್ದರಿಂದ ಆ ದೇಶದಲ್ಲಿ ಚಳಿ ಬೀಳುವ ಮೇ ತಿಂಗಳಿನಿಂದ ಆಗಸ್ಟ್‌ವರೆಗಿನ ಅವಧಿಯನ್ನು ಆರಿಸಿಕೊಳ್ಳುವುದು ಒಳ್ಳೆಯದು. ನನ್ನನ್ನು ಕೇಳಿದರೆ ಜೂನ್ ತಿಂಗಳೇ ಸರಿ. ಆಗ ಬೆಳಗಾಗುವುದು ಆರೂವರೆಯ ನಂತರ, ಸೂರ್ಯ ಮುಳುಗುವುದು ಐದರ ಹೊತ್ತಿಗೆ. ಬ್ರೀಮ್ ಚುರುಕಾಗಿರುವ ನಸುಕು ಮತ್ತು ಮುಸ್ಸಂಜೆ ಎರಡನ್ನೂ ನಿದ್ದೆ ಕೆಡಿಸಿಕೊಳ್ಳದೆ ಹಿಡಿಯಬಹುದು.

ಯಾಂಬಾ ಸಿಡ್ನಿಯಿಂದ ಸುಮಾರು 670 ಕಿಲೋಮೀಟರ್ ದೂರವಿದೆ. ಒಂದೇ ದಿನದಲ್ಲಿ ಕಾರು ಓಡಿಸಿ ತಲುಪಬಹುದಾದರೂ ಆ ಸಂಜೆಯೇ ಗಾಳ ಹಾಕುವ ಆಸೆಯನ್ನು ಬಿಡಬೇಕಾಗುತ್ತದೆ. ಬ್ರಿಸ್ಬೇನ್ ಕಡೆಯಿಂದ ಬರುವವರಿಗೆ ಅರ್ಧ ದಿನ ಸಾಕು. ಎರಡು ಊರುಗಳ ನಡುವೆ ನದಿ ದಾಟಲು ಜನರನ್ನು ಒಯ್ಯುವ ದೋಣಿಯಿದೆ, ಆದರೆ ಅದರಲ್ಲಿ ಕಾರು ಹೋಗುವುದಿಲ್ಲ. ರಸ್ತೆಯ ದಾರಿ ಒಳನಾಡಿನ ಸೇತುವೆಯನ್ನು ಸುತ್ತಿ ಬರುವಂಥದ್ದು. ಹೀಗಾಗಿ ಮೊದಲೇ ಒಂದು ದಡವನ್ನು ನಿಶ್ಚಯಿಸಿಕೊಂಡು ಅಲ್ಲಿಯೇ ಉಳಿದುಕೊಳ್ಳುವುದು ವಾಸಿ. ಊಟ, ವಸತಿ, ಅಂಗಡಿಗಳ ಅನುಕೂಲ ಯಾಂಬಾದಲ್ಲಿ ಹೆಚ್ಚು. ಜನಸಂದಣಿಯಿಲ್ಲದ ಉದ್ದನೆಯ ಮರಳು ಬೇಕೆನ್ನುವವರಿಗೆ ಇಲುಕಾ. ಇಲುಕಾದ ಉತ್ತರಕ್ಕಿರುವ ಬುಂಜಲುಂಗ್ ರಾಷ್ಟ್ರೀಯ ಉದ್ಯಾನದ ಟೆನ್ ಮೈಲ್ ಬೀಚ್ ಹೆಸರಿಗೆ ತಕ್ಕಂತೆ ಉದ್ದವಾಗಿದ್ದು, ಅದರ ಪಕ್ಕದಲ್ಲೇ ಬ್ಲ್ಯಾಕ್ ರಾಕ್ಸ್ ಎಂಬ ಡೇರೆ ತಾಣವಿದೆ. ಅಲ್ಲಿಗೆ ಹೋಗುವವರು ಕುಡಿಯುವ ನೀರನ್ನು ತಾವೇ ಒಯ್ಯಬೇಕು, ಜಾಗವನ್ನು ಮುಂಗಡ ಕಾಯ್ದಿರಿಸಬೇಕು.

ಹೊರಡುವ ಮೊದಲು ಮುಗಿಸಬೇಕಾದ ಕಾಗದಪತ್ರದ ಕೆಲಸ ಸ್ವಲ್ಪವೇ ಆದರೂ ಅದನ್ನು ಕಡೆಗಣಿಸುವಂತಿಲ್ಲ. ನ್ಯೂ ಸೌತ್ ವೇಲ್ಸ್‌ನಲ್ಲಿ ಹದಿನೆಂಟು ತುಂಬಿದವರು ಮೀನು ಹಿಡಿಯಲು ಶುಲ್ಕ ಕಟ್ಟಿ ಅದರ ರಸೀದಿಯನ್ನು ಜೊತೆಯಲ್ಲಿ ಇಟ್ಟುಕೊಂಡಿರಬೇಕು. ನಾವು ಕಟ್ಟಿದ್ದು ಮೂರು ದಿನದ 7 ಡಾಲರ್ ಅಲ್ಲ, ಒಂದು ತಿಂಗಳ 14 ಡಾಲರ್. ವ್ಯತ್ಯಾಸ ಅಷ್ಟು ಕಡಿಮೆಯಿರುವಾಗ ಗಾಳಿ ಕೆಟ್ಟು ಪ್ರವಾಸ ಎರಡು ದಿನ ಮುಂದಕ್ಕೆ ಹೋದರೂ ಚಿಂತೆಯಿಲ್ಲ. ಬ್ರೀಮ್ ಮೂತಿಯಿಂದ ಬಾಲದ ತುದಿಯವರೆಗೆ ಕನಿಷ್ಠ 25 ಸೆಂಟಿಮೀಟರ್ ಇರಬೇಕು, ಅದೇ ಜಾತಿಗೆ ಹತ್ತಿರದ ಟಾರ್‌ವೈನ್ ಮೀನನ್ನೂ ಸೇರಿಸಿ ಒಬ್ಬರಿಗೆ ದಿನಕ್ಕೆ ಹತ್ತು ಮಾತ್ರ. ಅಳತೆಯ ಮಿತಿಯಿರುವ ಮೀನನ್ನು ನೀರಿನ ಬಳಿಯಲ್ಲೇ ತುಂಡು ಮಾಡುವಂತಿಲ್ಲ. ಕರುಳು ತೆಗೆಯಬಹುದು, ಹುರುಪೆ ಕೀಳಬಹುದು, ಆದರೆ ಮೀನು ಇಡಿಯಾಗಿಯೇ ಇರಬೇಕು. ದಕ್ಷಿಣದಿಂದ ಬರುವವರು ದಾರಿಯಲ್ಲಿ ಎಲ್ಲೆಂದರಲ್ಲಿ ನಿಂತು ಗಾಳ ಹಾಕುವ ಮೊದಲು ನಕ್ಷೆ ನೋಡಲಿ, ಏಕೆಂದರೆ ಕಾಫ್ಸ್ ಹಾರ್ಬರ್‌ನಿಂದ ಸ್ಯಾಂಡನ್ ನದಿಯವರೆಗಿನ ಕಡಲು ಸಾಲಿಟರಿ ಐಲಂಡ್ಸ್ ಸಾಗರ ಉದ್ಯಾನಕ್ಕೆ ಸೇರಿದ್ದು, ಅದರ ಕೆಲವು ಭಾಗಗಳಲ್ಲಿ ಮೀನು ಹಿಡಿಯುವುದೇ ನಿಷಿದ್ಧ. ಸರ್ಕಾರದ ಫಿಶ್‌ಸ್ಮಾರ್ಟ್ ಆ್ಯಪ್‌ನಲ್ಲಿ ಈ ಗಡಿಗಳೂ ಚಾಲ್ತಿಯಲ್ಲಿರುವ ನಿಯಮಗಳೂ ಸಿಗುತ್ತವೆ.

ಈಗ ಮುಖ್ಯ ವಿಷಯ. ಕಡಲತೀರದ ಗಾಳವೆಂದರೆ ಉದ್ದ ಕೋಲು ಹಿಡಿದು ಆದಷ್ಟು ದೂರ ಎಸೆಯುವುದು ಎಂಬ ನಂಬಿಕೆ ಬಹಳ ಜನರಲ್ಲಿದೆ. ಬ್ರೀಮ್ ವಿಷಯದಲ್ಲಿ ಇದು ತಲೆಕೆಳಗು. ಅಲೆ ಮುರಿದು ಮರಳನ್ನು ಕದಡಿ, ಅದರೊಳಗಿನ ಚಿಪ್ಪು, ಹುಳು, ಸಣ್ಣ ಏಡಿಗಳನ್ನು ಹೊರಗೆಡಹುವ ಜಾಗದಲ್ಲಿಯೇ ಬ್ರೀಮ್ ಮೇಯುವುದು. ಅಂಥ ಜಾಗ ಬಹಳ ಸಲ ದಡದಿಂದ ಹತ್ತಿಪ್ಪತ್ತು ಹೆಜ್ಜೆಯೊಳಗೇ ಇರುತ್ತದೆ. ಮೊಣಕಾಲುಮಟ್ಟ ನೀರಿಗಿಳಿದು ಬಲವಾಗಿ ಬೀಸಿ ಎಸೆಯುವವನ ಎರೆ ಮೀನಿನ ತಲೆಯ ಮೇಲೆಯೇ ಹಾರಿಹೋಗಿ ಖಾಲಿ ಮರಳ ದಿಬ್ಬದ ಮೇಲೆ ಬೀಳುತ್ತದೆ. ಹಾಗಾಗಿ ತಲುಪಿದ ಮೊದಲ ದಿನ ಕೋಲನ್ನು ಕಾರಿನಲ್ಲೇ ಬಿಟ್ಟು, ನೀರು ಪೂರ್ತಿ ಇಳಿದ ಹೊತ್ತಿನಲ್ಲಿ ತೀರದ ಉದ್ದಕ್ಕೂ ನಡೆದು ನೋಡುವುದು ಇಡೀ ಪ್ರವಾಸದಲ್ಲೇ ಹೆಚ್ಚು ಪ್ರಯೋಜನದ ಕೆಲಸ ಎಂದು ನನ್ನ ಅಭಿಪ್ರಾಯ.

ನೋಡಬೇಕಾದದ್ದು ಇಷ್ಟು. ಸಮುದ್ರದ ಒಳಗೆ ದಡಕ್ಕೆ ಸಮಾನಾಂತರವಾಗಿ ಮರಳ ದಿಬ್ಬವೊಂದು ಹಬ್ಬಿದ್ದು, ಅಲೆಗಳು ಅದರ ಮೇಲೆ ಬೆಳ್ಳಗೆ ಮುರಿಯುತ್ತಿರುತ್ತವೆ; ದಿಬ್ಬಕ್ಕೂ ದಡಕ್ಕೂ ನಡುವೆ ನೀರು ಗಾಢ ಹಸಿರು ಅಥವಾ ನೀಲಿಯಾಗಿ, ಅಲೆ ಏಳದೆ ಸುಮ್ಮನಿದ್ದರೆ ಅಲ್ಲಿ ತಗ್ಗು ಇದೆ ಎಂದರ್ಥ. ಸ್ಥಳೀಯ ಗಾಳಗಾರರು ಇದನ್ನೇ ಗಟರ್ ಎನ್ನುತ್ತಾರೆ. ತಗ್ಗಿನ ಎರಡು ತುದಿಗಳಲ್ಲಿ ಒಂದು ದಡಕ್ಕೆ ಕೂಡಿಕೊಂಡು ಮುಚ್ಚಿರುತ್ತದೆ, ಇನ್ನೊಂದು ಕಡಲಿಗೆ ತೆರೆದುಕೊಂಡಿರುತ್ತದೆ. ದಿಬ್ಬದ ನೊರೆ ತಗ್ಗಿನೊಳಗೆ ಸುರಿಯುವ ಅಂಚು, ಅಂದರೆ ಬಿಳಿಯೂ ಹಸಿರೂ ಕೂಡುವ ಗೆರೆ, ಬ್ರೀಮ್‌ಗೆ ಮೆಚ್ಚಿನ ಜಾಗ. ಆ ಜಾಗವನ್ನು ದಂಡೆಯ ಮೇಲಿನ ಯಾವುದಾದರೂ ಮರ ಅಥವಾ ಬಂಡೆಯ ಗುರುತಿನಿಂದ ನೆನಪಿಟ್ಟುಕೊಂಡು, ನೀರು ಏರತೊಡಗಿ ಅರ್ಧ ತುಂಬಿದ ಮೇಲೆ ಬಂದು ನಿಲ್ಲಬೇಕು. ಏರುವ ನೀರಿನ ಕೊನೆಯ ಎರಡು ಗಂಟೆ ಮತ್ತು ಇಳಿಯತೊಡಗಿದ ಮೊದಲ ಗಂಟೆ ನಸುಕಿಗೋ ಮುಸ್ಸಂಜೆಗೋ ಕೂಡಿಬರುವ ದಿನಗಳನ್ನು ಉಬ್ಬರವಿಳಿತದ ಪಟ್ಟಿಯಲ್ಲಿ ಹುಡುಕಿ ಪ್ರವಾಸದ ದಿನಾಂಕ ಗೊತ್ತುಮಾಡಿದರೆ ಅರ್ಧ ಕೆಲಸ ಆದಂತೆಯೇ.

ಗಾಳಿ ಮತ್ತು ಅಲೆಯ ಲೆಕ್ಕ ಇನ್ನೊಂದು. ಚಳಿಗಾಲದಲ್ಲಿ ಪಶ್ಚಿಮದ ಗಾಳಿ ನೆಲದ ಕಡೆಯಿಂದ ಬೀಸಿ ಕಡಲನ್ನು ಸಮಮಾಡುತ್ತದೆ. ನೋಡಲು ಚೆಂದ, ನಿಲ್ಲಲು ಹಿತ, ಆದರೆ ತಿಳಿ ನೀರಿನಲ್ಲಿ ಹಗಲು ಹೊತ್ತು ಬ್ರೀಮ್ ಸಂಶಯದ ಮೀನು, ಸುಲಭಕ್ಕೆ ಎರೆ ಮುಟ್ಟುವುದಿಲ್ಲ. ದಕ್ಷಿಣದ ಗಾಳಿ ಬಂದು ದೊಡ್ಡ ಅಲೆ ಎಬ್ಬಿಸಿ ಹೋದ ಮಾರನೆಯ ದಿನ ಅಥವಾ ಅದರ ಮಾರನೆಯ ದಿನ, ಕಡಲು ತಗ್ಗುತ್ತಿದ್ದರೂ ನೊರೆ ಇನ್ನೂ ಸಾಕಷ್ಟಿರುವಾಗ, ನಮಗೆ ಒಳ್ಳೆಯ ಮೀನು ಸಿಕ್ಕವು. ಮೋಡ ಮುಸುಕಿದ ದಿನವಾದರೆ ನಡುಹಗಲಲ್ಲೂ ಪ್ರಯತ್ನಿಸಬಹುದು.

ಸಲಕರಣೆ ಹಗುರವಾಗಿರಲಿ. ಹತ್ತರಿಂದ ಹನ್ನೆರಡು ಅಡಿಯ ಮೆತ್ತನೆಯ ತುದಿಯ ಕೋಲು ಎಸೆತಕ್ಕಿಂತ ಹೆಚ್ಚಾಗಿ ದಾರವನ್ನು ದಡದ ಅಲೆಗಳ ಮೇಲಕ್ಕೆ ಎತ್ತಿಹಿಡಿಯಲು ಬೇಕು. ನಾಲ್ಕರಿಂದ ಆರು ಕಿಲೋ ತಡೆಯುವ ನೈಲಾನ್ ದಾರ, ಅರ್ಧ ಮೀಟರ್ ಉದ್ದದ ತುದಿದಾರ, ಒಂದನೆಯ ನಂಬರಿನ ಅಥವಾ ಅದಕ್ಕಿಂತ ಒಂದು ಅಳತೆ ದೊಡ್ಡ ಕೊಕ್ಕೆ ಸಾಕು. ಸೀಸದ ಗುಂಡು ದಾರದ ಮೇಲೆ ಸರಾಗವಾಗಿ ಜಾರುವಂತಿರಬೇಕು. ಎರೆ ತಗ್ಗಿನೊಳಗೆ ನಿಧಾನವಾಗಿ ತೆವಳುತ್ತಿರಲು ಎಷ್ಟು ಕಡಿಮೆ ಭಾರ ಸಾಕೋ ಅಷ್ಟೇ ಹಾಕಬೇಕು, ದಡದುದ್ದಕ್ಕೂ ಸೆಳೆತ ಜೋರಾದಾಗ ಮಾತ್ರ ಭಾರ ಹೆಚ್ಚಿಸಬೇಕು. ಬದಿಗೆ ತಿರುಗಿಸಿ ಎಸೆಯುವ ಆಲ್ವಿ ರೀಲನ್ನು, ಅಂದರೆ ದಾರ ಸುತ್ತುವ ರಾಟೆಯನ್ನು, ಆ ಕರಾವಳಿಯ ಹಿರಿಯರು ಇಂದಿಗೂ ಬಿಟ್ಟಿಲ್ಲ, ಏಕೆಂದರೆ ಮರಳು ಹೊಕ್ಕರೂ ಕಡಲ ನೀರಲ್ಲಿ ಒಮ್ಮೆ ಅದ್ದಿ ತೆಗೆದರೆ ಮತ್ತೆ ತಿರುಗುತ್ತದೆ. ಆದರೆ ದಾರ ಹುರಿಗೊಳ್ಳುವುದನ್ನು ನಿಭಾಯಿಸಲು ಅಭ್ಯಾಸ ಬೇಕು. ಹೊಸಬರಿಗೆ ಸಾಮಾನ್ಯ ಸ್ಪಿನ್ನಿಂಗ್ ರೀಲೇ ಸರಿ.

ಎರೆಯ ವಿಷಯಕ್ಕೆ ಬಂದರೆ, ತೀರದಲ್ಲೇ ಸಿಗುವುದನ್ನು ಮೀರಿಸುವಂಥದ್ದು ಅಂಗಡಿಯಲ್ಲಿಲ್ಲ. ಪಿಪಿ ಎಂಬ ಚಿಪ್ಪುಜೀವಿ ಅಲೆ ಬಂದು ಹೋಗುವ ಒದ್ದೆ ಮರಳಿನಲ್ಲಿ ನಾಲ್ಕು ಬೆರಳು ಆಳದಲ್ಲಿರುತ್ತದೆ. ಹಿಮ್ಮಡಿ ಊರಿ ಪಾದವನ್ನು ಅತ್ತಿತ್ತ ತಿರುಚುತ್ತಿದ್ದರೆ ಗಟ್ಟಿಯಾದದ್ದು ಕಾಲಿಗೆ ತಾಗುತ್ತದೆ. ಎರಡು ಪಿಪಿಗಳನ್ನು ಬೆನ್ನಿಗೆ ಬೆನ್ನು ಸೇರಿಸಿ ತಿರುಚಿದರೆ ಒಂದು ಬಾಯಿಬಿಡುತ್ತದೆ. ಒಳಗಿನ ಮೆತ್ತನೆಯ ಭಾಗವನ್ನು ಮೊದಲು ಕೊಕ್ಕೆಗೆ ಪೋಣಿಸಿ, ನಾಲಿಗೆಯಂತಿರುವ ಗಟ್ಟಿ ಭಾಗವನ್ನು ಕೊನೆಗೆ ಮೊನೆಯ ಮೇಲೆ ಏರಿಸಿದರೆ ಎರೆ ಅಲೆಗೆ ಕಳಚಿಹೋಗುವುದಿಲ್ಲ. ನ್ಯೂ ಸೌತ್ ವೇಲ್ಸ್‌ನಲ್ಲಿ ಪಿಪಿಯನ್ನು ಎರೆಗೆಂದು ಮಾತ್ರ ತೆಗೆಯಬಹುದು, ಒಬ್ಬರಿಗೆ 50, ಮತ್ತು ಉಬ್ಬರದ ಗೆರೆಯಿಂದ 50 ಮೀಟರ್ ಆಚೆಗೆ ಒಯ್ಯುವಂತಿಲ್ಲ. ವಿಷದ ಪಾಚಿಯನ್ನು ತಿಂದ ಪಿಪಿಯನ್ನು ಜನ ಬೇಯಿಸಿ ತಿನ್ನಬಾರದೆಂಬುದು ಇದರ ಹಿಂದಿನ ಕಾರಣ.

ಕಡಲ ಹುಳು ಹಿಡಿಯುವುದು ಬೇರೆಯೇ ವಿದ್ಯೆ. ಅಲ್ಲಿನ ಅಜ್ಜರೊಬ್ಬರು ಕೊಳೆತ ಮೀನಿನ ಚೀಲವನ್ನು ಹಗ್ಗಕ್ಕೆ ಕಟ್ಟಿ, ಹಿಂದೆ ಸರಿಯುವ ನೀರಿನ ಮೇಲೆ ಎಳೆದಾಡಿಸಿ ನಿಂತರು. ತೆಳು ನೀರು ಮರಳ ಮೇಲಿಂದ ಜಾರುವಾಗ ಹುಳು ತಲೆ ಹೊರಹಾಕಿದ ಕಡೆ ನೀರು ಸೀಳಿ ಬಾಣದ ಮೊನೆಯಂತೆ ಗೆರೆ ಮೂಡಿತು. ಅವರು ಬಗ್ಗಿ, ಒಂದು ಕೈಯಲ್ಲಿದ್ದ ಪಿಪಿ ತುಂಡನ್ನು ಹುಳುವಿಗೆ ಕಚ್ಚಗೊಟ್ಟು, ಅದು ಎಳೆಯಲು ಕತ್ತನ್ನು ಬಾಗಿಸಿದ ಕ್ಷಣದಲ್ಲಿ ಇನ್ನೊಂದು ಕೈಯ ಹೆಬ್ಬೆರಳು ತೋರುಬೆರಳುಗಳಿಂದ ಹಿಡಿದು ಒಂದೇ ಎಳೆತದಲ್ಲಿ ಮೇಲೆತ್ತಿದರು. ಹುಳು ಅವರ ತೋಳಿಗಿಂತ ಉದ್ದವಿತ್ತು. ಕಲಿಯುವ ಹುಮ್ಮಸ್ಸಿರುವವರು ಸಮಯ ಕೊಡಲಿ, ಉಳಿದವರು ಉಪ್ಪು ಹಚ್ಚಿದ ಮಲೆಟ್ ಮೀನಿನ ಪಟ್ಟಿಗಳನ್ನು ಕೊಂಡು ಮುಂದುವರಿಯಲಿ.

ತಿನ್ನಲೆಂದು ಮಾರುವ ಹಸಿ ಸೀಗಡಿಯನ್ನು ಮಾತ್ರ ಎರೆಯಾಗಿ ಬಳಸಬೇಡಿ, ಅದರಿಂದ ಸೀಗಡಿಗಳ ರೋಗ ನೀರಿಗೆ ಹರಡಬಹುದು. 2016ರಲ್ಲಿ ಕ್ವೀನ್ಸ್‌ಲ್ಯಾಂಡಿನ ಲೋಗನ್ ನದಿಯ ಸೀಗಡಿ ಸಾಕಣೆಗಳಲ್ಲಿ, 2022ರಲ್ಲಿ ಇದೇ ಕ್ಲಾರೆನ್ಸ್ ಪ್ರದೇಶದಲ್ಲಿ ಬಿಳಿ ಚುಕ್ಕೆ ರೋಗ ಕಾಣಿಸಿಕೊಂಡು ಭಾರಿ ನಷ್ಟವಾಯಿತು. ಆ ನಂತರ ಕ್ಲಾರೆನ್ಸ್‌ನಿಂದ ಹಸಿ ಸೀಗಡಿ, ಏಡಿ ಮತ್ತು ಕಡಲ ಹುಳುಗಳನ್ನು ಹೊರಗೆ ಸಾಗಿಸುವುದಕ್ಕೂ ನಿರ್ಬಂಧ ಬಂತು. ಮೀನುಗಾರಿಕೆಯ ಅಂಗಡಿಯಲ್ಲಿ ಎರೆಗೆಂದೇ ಮಾರುವುದನ್ನು ಕೊಳ್ಳಿ, ಉಳಿದ ಎರೆಯನ್ನು ಊರಿಗೆ ಹೊತ್ತುಕೊಂಡು ಬರಬೇಡಿ.

ಬ್ರೀಮ್ ಮೊದಲು ಎರಡು ಮೂರು ಸಲ ಟಕಟಕನೆ ಕುಟುಕುತ್ತದೆ. ಆಗ ಕೋಲನ್ನು ಜಗ್ಗಬಾರದು. ದಾರವನ್ನು ಸ್ವಲ್ಪ ಸಡಿಲ ಬಿಟ್ಟು, ಅದು ಕಚ್ಚಿಕೊಂಡು ಓಡತೊಡಗಿದ ಮೇಲೆ ಎತ್ತಿದರೆ ಸಾಕು. ದಡಕ್ಕೆ ತರುವಾಗ ಹಿಂದೆ ಸರಿಯುವ ನೀರಿಗೆ ಎದುರಾಗಿ ಎಳೆಯದೆ, ಮುಂದಿನ ಅಲೆಯ ಜೊತೆ ಜಾರಿಸಿಕೊಳ್ಳಬೇಕು. ಬೆನ್ನಿನ ಮುಳ್ಳುಗಳು ಚೂಪಾಗಿರುವುದರಿಂದ ಒದ್ದೆ ಬಟ್ಟೆಯಲ್ಲಿ ಹಿಡಿಯಿರಿ. ಅಳತೆಗೆ ಬಾರದ ಮೀನು ಕೊಕ್ಕೆಯನ್ನು ನುಂಗಿದ್ದರೆ ಕೀಳಲು ಹೋಗದೆ ಬಾಯಿಯ ಬಳಿ ದಾರ ಕತ್ತರಿಸಿ ಬಿಟ್ಟರೆ ಅದು ಬದುಕುವ ಸಾಧ್ಯತೆ ಹೆಚ್ಚು. ಬ್ರೀಮ್ ನಿಧಾನವಾಗಿ ಬೆಳೆಯುವ ಮೀನು, 25 ಸೆಂಟಿಮೀಟರ್ ತಲುಪಲು ಹಲವು ವರ್ಷ ಬೇಕು. ಅದಕ್ಕಾಗಿ ಹತ್ತರ ಮಿತಿ ಇದ್ದರೂ ರಾತ್ರಿಯ ಅಡುಗೆಗೆ ಬೇಕಾದಷ್ಟನ್ನು ಮಾತ್ರ ಇಟ್ಟುಕೊಳ್ಳುವುದನ್ನು ನಾವು ಪಾಲಿಸಿದೆವು. ಇಟ್ಟುಕೊಳ್ಳುವ ಮೀನನ್ನು ಕೂಡಲೇ ಕೊಂದು ಐಸು ಮತ್ತು ಕಡಲ ನೀರು ಬೆರೆಸಿದ ಪೆಟ್ಟಿಗೆಗೆ ಹಾಕಿದರೆ ಮಾಂಸ ಬಿಗಿಯಾಗಿ ಉಳಿಯುತ್ತದೆ.

ಅಪಾಯದ ಬಗ್ಗೆ ಒಂದು ಮಾತು ಹೇಳಲೇಬೇಕು. ಮೀನು ಇರುವ ತಗ್ಗಿನ ತೆರೆದ ತುದಿಯೇ ನೀರು ಕಡಲಿಗೆ ವಾಪಸು ನುಗ್ಗುವ ದಾರಿ, ಮನುಷ್ಯರನ್ನು ಎಳೆದೊಯ್ಯುವ ಸೆಳೆತವೂ ಅದೇ. ಮೊಣಕಾಲಿಗಿಂತ ಆಳಕ್ಕೆ ಇಳಿಯುವ ಅಗತ್ಯ ಬ್ರೀಮ್‌ಗೆ ಖಂಡಿತ ಇಲ್ಲ. ಎದೆಯವರೆಗೆ ಬರುವ ರಬ್ಬರ್ ಉಡುಪು ನೀರು ತುಂಬಿದರೆ ಏಳಲು ಬಿಡುವುದಿಲ್ಲವಾದ್ದರಿಂದ ಚಳಿಯಾದರೂ ಅರ್ಧ ಚಡ್ಡಿ ಮತ್ತು ಮೇಲೆ ಗಾಳಿ ತಡೆಯುವ ಜಾಕೆಟ್ ಲೇಸು. ಇಲುಕಾ ಬ್ಲಫ್‌ನ ಬಂಡೆಗಳ ಮೇಲೆ, ಅಳಿವೆಯ ಕಲ್ಲಿನ ತಡೆಗೋಡೆಗಳ ಮೇಲೆ ನಿಲ್ಲುವವರು ಲೈಫ್ ಜಾಕೆಟ್ ಹಾಕದೆ ಹೋಗಬಾರದು. ರಾತ್ರಿ ಒಬ್ಬರೇ ಹೋಗುವುದಂತೂ ಬೇಡ. ತುರ್ತಿಗೆ ಕರೆ ಮಾಡಬೇಕಾದ ಸಂಖ್ಯೆ 000, ಆದರೆ ಟೆನ್ ಮೈಲ್ ಬೀಚಿನಂಥ ದೂರದ ಕಡೆ ಫೋನಿನ ಸಿಗ್ನಲ್ ಅನ್ನು ನಂಬದೆ, ಎಲ್ಲಿಗೆ ಹೋಗುತ್ತಿದ್ದೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂದು ತಂಗಿದ ಜಾಗದಲ್ಲಿ ಹೇಳಿ ಹೊರಡಿ.

ಜುಲೈ ಮೊದಲ ಎರಡು ವಾರಗಳ ಸುಮಾರಿಗೆ ಶಾಲೆಗಳಿಗೆ ಚಳಿಗಾಲದ ರಜೆ ಇರುವುದರಿಂದ ಆಗ ಬಾಡಿಗೆ ಏರುತ್ತದೆ, ಡೇರೆ ತಾಣಗಳು ತಿಂಗಳುಗಳ ಮೊದಲೇ ತುಂಬುತ್ತವೆ. ಆ ದಿನಗಳನ್ನು ತಪ್ಪಿಸಲಾಗದವರು ಯಾಂಬಾದ ಟರ್ನರ್ಸ್ ಬೀಚ್ ಅಥವಾ ಪಿಪ್ಪಿ ಬೀಚಿಗೆ ನಸುಕಿಗೇ ಇಳಿದರೆ ಬಿಸಿಲೇರಿ ಜನ ಬರುವ ಮುಂಚೆ ಗಾಳದ ಕೆಲಸ ಮುಗಿಸಿಕೊಳ್ಳಬಹುದು.