ಮೇನ್ ಬಂದಾದರೂ ಬಂದಾಗದ ಕರೆಂಟು

ಏಪ್ರಿಲ್ ಬಂತೆಂದರೆ ವಿಜಯಪುರ ಜಿಲ್ಲೆಯ ತಿಕೋಟಾ ಭಾಗದ ಕೋಲ್ಡ್ ಸ್ಟೋರೇಜ್‌ಗಳಿಗೆ ಒಣದ್ರಾಕ್ಷಿಯ ಬಾಕ್ಸುಗಳು ಬರತೊಡಗುತ್ತವೆ. ಸೆಕೆಗೆ ಬಿಟ್ಟರೆ ದ್ರಾಕ್ಷಿಯ ಬಣ್ಣ ಕಪ್ಪಿಟ್ಟು ಬೆಲೆ ಇಳಿಯುವುದರಿಂದ, ನಾಲ್ಕೈದು ಡಿಗ್ರಿಯ ತಂಪು ಕಾಯುವ ಯಂತ್ರ ಕೆಟ್ಟ ದಿನ ಮಾಲೀಕರಿಗೂ ನಮ್ಮಂಥ ರೆಫ್ರಿಜರೇಶನ್ ಮೆಕ್ಯಾನಿಕ್‌ಗಳಿಗೂ ಸಮಾಧಾನವಿರುವುದಿಲ್ಲ. ಅಂಥದೇ ಒಂದು ಮಧ್ಯಾಹ್ನ ನಾನು ಮತ್ತು ನನ್ನ ಜೊತೆ ಕೆಲಸ ಕಲಿಯುತ್ತಿರುವ ಹುಡುಗ ಒಂದು ಕೋಲ್ಡ್ ಸ್ಟೋರೇಜ್‌ನ ಟೆರೇಸ್ ಏರಿದೆವು. ಎರಡನೆಯ ಕೋಣೆಯ ಕಂಪ್ರೆಸರ್ ಚಾಲು ಆಗುವಾಗಲೆಲ್ಲ ಅದಕ್ಕೆ ಕರೆಂಟು ಕೂಡಿಸಿ ಬಿಡಿಸುವ ಸ್ವಿಚ್ಚಾದ ಕಾಂಟ್ಯಾಕ್ಟರ್ ಕಟಕಟ ಸದ್ದು ಮಾಡುತ್ತಿತ್ತು; ಅದರ ಪಾಯಿಂಟುಗಳು ಸುಟ್ಟಿರಬೇಕೆಂದು ಕೇಳಿದೊಡನೆಯೇ ಅನಿಸಿತು. ಜೊತೆಗೆ ಗ್ಯಾಸಿನಲ್ಲಿಯ ತೇವ, ಕಸ ಹಿಡಿಯುವ ಫಿಲ್ಟರ್ ಡ್ರೈಯರ್ ಬದಲಿಸುವ ಕೆಲಸವೂ ಇತ್ತು.

ಹುಡುಗ ಕೆಳಗಿಳಿದು ವಿದ್ಯುತ್ ಕಂಪನಿಯಾದ ಹೆಸ್ಕಾಂನ ಮೀಟರಿನ ಪಕ್ಕದ ಮೇನ್ ಸ್ವಿಚ್ ಇಳಿಸಿ ಬಂದು, "ಮೇನ್ ಬಂದ್ ಮಾಡೀನ್ರಿ ಅಣ್ಣಾರ, ಇನ್ನ ಕೈ ಹಚ್ಚರಿ" ಎಂದ. ಆದರೆ ಪ್ಯಾನೆಲ್ ಬಾಗಿಲಿನ ಮೇಲಿದ್ದ ತಾಪಮಾನದ ಡಿಸ್‌ಪ್ಲೇ ಇನ್ನೂ ಕೆಂಪಗೆ ಏಳು ಡಿಗ್ರಿ ತೋರಿಸುತ್ತಿತ್ತು. ಅದರೊಳಗೆ ಸೆಲ್ ಇರಬಹುದೆಂಬುದು ಅವನ ಊಹೆ. ಮೀಟರನ್ನು ಮೊದಲು ಕರೆಂಟ್ ಇರುವುದು ಖಚಿತವಾದ ಕಡೆ ಹಿಡಿದು, ಅದು ಸರಿಯಿದೆಯೆಂದು ನೋಡಿಕೊಂಡು, ಆಮೇಲೆ ಕಾಂಟ್ಯಾಕ್ಟರ್‌ಗೆ ಹಚ್ಚಿದೆ. ಮೂರು ಫೇಸಿನ ದೊಡ್ಡ ಸ್ಕ್ರೂಗಳಲ್ಲಿ ಏನೂ ಇರಲಿಲ್ಲ. ಅದೇ ಕಾಂಟ್ಯಾಕ್ಟರ್‌ನ ಬದಿಯ ಸಣ್ಣ ಪಾಯಿಂಟಿನಲ್ಲಿ ಮಾತ್ರ 228 ವೋಲ್ಟ್ ಬಂತು.

ಆ ಸಣ್ಣ ಪಾಯಿಂಟಿನಿಂದ ಹೊರಟ ವೈರು ಕಂಪ್ರೆಸರ್‌ನ ತಳಕ್ಕೆ ಸುತ್ತಿದ ಕ್ರ್ಯಾಂಕ್‌ಕೇಸ್ ಹೀಟರಿಗೆ ಹೋಗುತ್ತದೆ. ಕಂಪ್ರೆಸರ್ ನಿಂತಾಗ ಗ್ಯಾಸು ಎಣ್ಣೆಯೊಳಗೆ ಕರಗಿ, ಮತ್ತೆ ಚಾಲು ಮಾಡಿದ ಕೂಡಲೇ ನೊರೆಯೆದ್ದು ಎಣ್ಣೆಯನ್ನೇ ಹೊತ್ತೊಯ್ಯಬಾರದೆಂದು ಈ ಹೀಟರ್ ಎಣ್ಣೆಯನ್ನು ಬೆಚ್ಚಗಿಡುತ್ತದೆ. ಎಂದರೆ, ಯಂತ್ರ ನಿಂತಿರುವ ಹೊತ್ತಿನಲ್ಲೇ ಕೆಲಸ ಮಾಡುವ ಭಾಗ ಅದು. ನಾವು ಟರ್ಮಿನಲ್ ಬಾಕ್ಸಿನೊಳಗೆ ಕೈ ಹಾಕುವುದೂ ಯಂತ್ರ ನಿಂತಿರುವಾಗಲೇ.

ಇನ್ವರ್ಟರ್ ಕೋಣೆಗೆ ಹೋದಾಗ ಕಾರಣ ತಿಳಿಯಿತು. ಮಾಳಿಗೆಯ ಸೋಲಾರ್ ಕರೆಂಟನ್ನು ಬಳಕೆಗೆ ಬರುವಂತೆ ಮಾಡುವ ಎರಡು ಇನ್ವರ್ಟರ್‌ಗಳು ಗೋಡೆಯ ಮೇಲಿದ್ದವು. ದೊಡ್ಡದು ಆನ್‌ಗ್ರಿಡ್: ಹೆಸ್ಕಾಂ ಲೈನು ಹೋದರೆ ಎರಡು ಸೆಕೆಂಡಿನೊಳಗೆ ತಾನೂ ನಿಲ್ಲುವಂತೆ ಅದನ್ನು ಮಾಡಿರುತ್ತಾರೆ, ಇಲ್ಲದಿದ್ದರೆ ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ನಮ್ಮ ಮಾಳಿಗೆಯ ಕರೆಂಟು ಹೊಡೆದೀತು. ಅದು ಸರಿಯಾಗಿಯೇ ನಿಂತಿತ್ತು. ಪಕ್ಕದ ಸಣ್ಣದು ಬ್ಯಾಟರಿ ಇರುವ ಹೈಬ್ರಿಡ್. ಅದು ಲೈನು ಹೋದದ್ದನ್ನು ಕಂಡು, ಕಣ್ಣು ಮಿಟುಕಿಸುವುದರೊಳಗೆ ತನ್ನ ಬ್ಯಾಕಪ್ ಲೈನನ್ನು ಬ್ಯಾಟರಿಗೆ ಹಾಕಿಕೊಂಡಿತ್ತು. ಕರೆಂಟ್ ಹೋದಾಗ ಡಿಸ್‌ಪ್ಲೇ ಮತ್ತು ಅಲಾರಾಂ ನಿಲ್ಲಬಾರದೆಂದು ವೈರಿಂಗ್ ಮಾಡಿದವರು ಕಂಟ್ರೋಲ್ ಸರ್ಕ್ಯೂಟನ್ನು ಅದಕ್ಕೆ ಸೇರಿಸಿದ್ದರು, ಅದರ ಜೊತೆ ಹೀಟರೂ ಸೇರಿತ್ತು. ಸೇರಿಸಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಪ್ಯಾನೆಲ್ ಬಾಗಿಲಿನ ಮೇಲೆ ಒಂದು ಸಾಲು ಬರೆಯದೆ ಹೋದದ್ದು ತಪ್ಪು. ಆನ್‌ಗ್ರಿಡ್ ಇರುವ ಕಟ್ಟಡಗಳಲ್ಲಿ ಪಳಗಿದ ಕೆಲಸಗಾರನೇ ಇಂಥಲ್ಲಿ ಹೆಚ್ಚು ಮೋಸಹೋಗುತ್ತಾನೆ, ಏಕೆಂದರೆ ಮೇನ್ ಇಳಿಸಿದರೆ ಸೋಲಾರೂ ನಿಲ್ಲುತ್ತದೆಂಬುದನ್ನು ಅವನು ಕಣ್ಣಾರೆ ಎಷ್ಟೋ ಸಲ ಕಂಡಿರುತ್ತಾನೆ.

ಹೈಬ್ರಿಡ್‌ನ ಬ್ಯಾಕಪ್ ಲೈನಿನ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಮತ್ತು ಹೆಸ್ಕಾಂ ಮೇನ್ ಎರಡನ್ನೂ ಇಳಿಸಿ, ಬೀಗ ಹಾಕಿ, ಕೀಲಿಗಳನ್ನು ಹುಡುಗನ ಜೇಬಿಗೆ ಹಾಕಿದೆ. ಮತ್ತೆ ಮೀಟರ್ ಹಚ್ಚಿದಾಗ ಎಲ್ಲ ಪಾಯಿಂಟುಗಳಲ್ಲೂ ಸೊನ್ನೆ. ಸೊನ್ನೆ ತೋರಿಸಿದ ಮೀಟರನ್ನು ಪುನಃ ಕರೆಂಟ್ ಇರುವ ಕಡೆ ಹಿಡಿದು ನೋಡಿದ್ದು ಹುಡುಗನಿಗೆ ವಿಚಿತ್ರವೆನಿಸಿತು. ನಡುವೆ ಮೀಟರೇ ಕೆಟ್ಟಿದ್ದರೂ ಸೊನ್ನೆಯೇ ಬರುತ್ತದೆಂದು ಹೇಳಿದ ಮೇಲೆ ಒಪ್ಪಿದ. ಅವನ ಜೇಬಿನಲ್ಲಿದ್ದ ನಿಯಾನ್ ಟೆಸ್ಟರನ್ನು ಈ ಕೆಲಸಕ್ಕೆ ನಾನು ನಂಬುವುದಿಲ್ಲ. ಒಣ ಹಲಗೆಯ ಮೇಲೆ ರಬ್ಬರ್ ಚಪ್ಪಲಿ ಹಾಕಿ ನಿಂತವನ ಕೈಯಲ್ಲಿ ಅದು ಹೊತ್ತದೆ ಇರಬಹುದು, ಏಪ್ರಿಲ್ ಬಿಸಿಲಿನಲ್ಲಿ ಹೊತ್ತಿದರೂ ಕಾಣದಿರಬಹುದು.

ಕಾಂಟ್ಯಾಕ್ಟರ್ ಬದಲಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ತೊಡಕಾದದ್ದು ಡ್ರೈಯರ್. ಅದನ್ನು ಬೆಸೆಯಬೇಕಾದ ತಾಮ್ರದ ಪೈಪಿಗೆ ಯಾರೋ ಸೋಲಾರ್ ಪ್ಯಾನೆಲ್‌ನ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟಿನ) ಕೇಬಲ್‌ಗಳನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದಿದ್ದರು. ಇನ್ವರ್ಟರ್ ಬಳಿಯ ಡಿಸಿ ಸ್ವಿಚ್ ಇಳಿಸಿದರೆ ಸಾಕಲ್ಲವೇ ಎಂದು ಮ್ಯಾನೇಜರ್ ಕೇಳಿದರು. ಸ್ವಿಚ್ಚಿನಿಂದಾಚೆಗಷ್ಟೇ ಅದು ಸಾಕು. ಪ್ಯಾನೆಲ್‌ನಿಂದ ಸ್ವಿಚ್ಚಿನವರೆಗಿನ ಕೇಬಲ್ಲಿನಲ್ಲಿ ಬಿಸಿಲಿರುವಷ್ಟು ಹೊತ್ತೂ ವೋಲ್ಟೇಜ್ ಇದ್ದೇ ಇರುತ್ತದೆ. ಅಲ್ಲಿ ಒಂದು ಸಾಲಿಗೆ ಹದಿನಾರು ಪ್ಯಾನೆಲ್‌ಗಳಿದ್ದವು. ಒಂದೊಂದಕ್ಕೆ ಸುಮಾರು 49 ವೋಲ್ಟ್ ಹಿಡಿದರೂ ಎಂಟುನೂರರ ಹತ್ತಿರ ಬಂತು. ಮನೆಯ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುವುದರಿಂದ ಅದರ ಕಿಡಿ ತಾನಾಗಿ ಆರಲು ಅವಕಾಶವಿರುತ್ತದೆ. ಡಿಸಿಗೆ ಆ ಬಿಡುವೇ ಇಲ್ಲ, ಹೊತ್ತಿದ ಕಿಡಿ ಉರಿಯುತ್ತಲೇ ಹೋಗುತ್ತದೆ. ಬೆಸುಗೆಯ ಜ್ವಾಲೆಗೆ ಆ ಕೇಬಲ್‌ಗಳ ಹೊದಿಕೆ ಕರಗಿದರೆ ಮುಂದಿನದನ್ನು ತಡೆಯುವ ಎಂಸಿಬಿ ಆ ಟೆರೇಸಿನ ಮೇಲೆ ಇರಲಿಲ್ಲ. ಲೋಡ್ ಇರುವಾಗ ಆ ಕೇಬಲ್‌ಗಳ ಕನೆಕ್ಟರನ್ನು ಎಳೆದು ಬಿಡಿಸುವುದೂ ಅಷ್ಟೇ ಅಪಾಯ.

ಸೋಲಾರ್ ಕೆಲಸದವರನ್ನು ಕರೆಸಿ, ಕೇಬಲ್‌ಗಳನ್ನು ಪೈಪಿನಿಂದ ದೂರ ಬೇರೆ ಕೊಳವೆಯಲ್ಲಿ ಹಾಯಿಸಿದ ಮೇಲೆಯೇ ಬೆಸುಗೆಗೆ ಕುಳಿತೆ. ಆ ಹೊತ್ತಿಗೆ ಕೋಣೆಯ ತಾಪ ಹತ್ತು ದಾಟಿತ್ತು; ಮಾಲೀಕರಿಗೆ ಸಿಟ್ಟು ಬಂದದ್ದು ಸಹಜವೇ. ಹೀಟರ್ ಮತ್ತೆ ಚಾಲು ಮಾಡಿ, ಎಣ್ಣೆ ಬೆಚ್ಚಗಾಗಲೆಂದು ಇನ್ನಷ್ಟು ಹೊತ್ತು ಕಾದದ್ದಂತೂ ಅವರಿಗೆ ಈ ಸೆಕೆಯಲ್ಲಿ ಬೇಡದ ಜಾಗ್ರತೆಯಾಗಿ ಕಂಡಿತು.

ಕಂಪ್ರೆಸರ್ ಸದ್ದಿಲ್ಲದೆ ಹತ್ತಿದ ಮೇಲೆ ಅವರೇ ಎಲೆಕ್ಟ್ರಿಷಿಯನ್‌ನನ್ನು ಕರೆದು, ಎರಡನೆಯ ಯೂನಿಟ್ಟಿನ ಪಕ್ಕ ಬ್ಯಾಕಪ್ ಲೈನಿಗೊಂದು ಪ್ರತ್ಯೇಕ ಸ್ವಿಚ್ ಕೂರಿಸಲು ಹೇಳಿದರು. ಎರಡು ಕಡೆಯಿಂದ ಕರೆಂಟ್ ಬರುತ್ತದೆಂಬ ಬರಹವನ್ನು ಪ್ಯಾನೆಲ್ ಬಾಗಿಲಿಗೆ ನಾನೇ ಅಂಟಿಸಿದೆ. ಒಂದನೆಯ ಕೋಣೆಯ ವೈರನ್ನೂ ಹುಡುಕಿ ಗುರುತು ಹಾಕಿದೆವು. ಮೂರನೆಯ ಕೋಣೆಯ ಹೀಟರ್ ವೈರು ಯಾವ ಎಂಸಿಬಿಗೆ ಸೇರಿದೆಯೆಂಬುದು ಕತ್ತಲಾದರೂ ಸಿಗಲಿಲ್ಲವಾದ್ದರಿಂದ ಆ ಬಾಕ್ಸನ್ನು ಅಂದು ತೆರೆಯಲಿಲ್ಲ.