ಗೇಟಿಲ್ಲದ ವಿಶ್ವವಿದ್ಯಾಲಯ: ಬೊಲೋನ್ಯಾದ ಮೊದಲ ದಿನಗಳು

ರೈಲು ನಿಲ್ದಾಣದ ಹೊರಗೆ ನಿಂತು ಕೈಗಡಿಯಾರ ಸರಿಮಾಡಿಕೊಳ್ಳೋಣವೆಂದು ತಲೆ ಎತ್ತಿದೆ. ಗೋಡೆಯ ಗಡಿಯಾರ 10:25 ತೋರಿಸುತ್ತಿತ್ತು. ನಾನು ವಿಮಾನ ಇಳಿದದ್ದೇ ಮಧ್ಯಾಹ್ನ. ಕೆಟ್ಟ ಗಡಿಯಾರವನ್ನು ಇಷ್ಟು ದೊಡ್ಡ ನಿಲ್ದಾಣದಲ್ಲಿ ಯಾರೂ ಕೇಳುವವರಿಲ್ಲವೇ ಎಂದು ಗೊಣಗಿಕೊಂಡು ಪೆಟ್ಟಿಗೆ ಎಳೆದುಕೊಂಡು ಹೊರಟೆ. 1980ರ ಆಗಸ್ಟ್ 2ರ ಬೆಳಿಗ್ಗೆ ಅದೇ ಹೊತ್ತಿಗೆ ಅಲ್ಲಿ ಬಾಂಬ್ ಸಿಡಿದು 85 ಜನ ಸತ್ತಿದ್ದರು, ಮುಳ್ಳುಗಳನ್ನು ಬೇಕೆಂದೇ ನಿಲ್ಲಿಸಿದ್ದಾರೆ ಎಂದು ತಿಳಿದದ್ದು ನಾಲ್ಕು ದಿನಗಳ ಮೇಲೆ. ಆಮೇಲೆ ಆ ದಾರಿಯಲ್ಲಿ ಹೋದಾಗಲೆಲ್ಲ ನನ್ನ ಗೊಣಗಾಟ ನೆನಪಾಗಿ ನಾಚಿಕೆಯಾಗುತ್ತಿತ್ತು.

ನಾನು ಇಟಲಿಯ ಬೊಲೋನ್ಯಾಗೆ ಬಂದದ್ದು ಸ್ನಾತಕೋತ್ತರ ಓದಿಗೆ. 1088ರಲ್ಲಿ ಆರಂಭವಾಯಿತೆಂದು ಹೇಳಿಕೊಳ್ಳುವ, ಯುರೋಪಿನ ಅತ್ಯಂತ ಹಳೆಯದೆಂದು ಹೆಸರಾದ ವಿಶ್ವವಿದ್ಯಾಲಯ ಇದು. ಧಾರವಾಡದಲ್ಲಿ ಗುಡ್ಡದ ಮೇಲಿನ ವಿಶ್ವವಿದ್ಯಾಲಯವನ್ನು ನೋಡುತ್ತ ಬೆಳೆದವಳಿಗೆ ವಿಶ್ವವಿದ್ಯಾಲಯವೆಂದರೆ ಒಂದು ದೊಡ್ಡ ಗೇಟು, ಅಗಲವಾದ ರಸ್ತೆ, ಸಾಲುಮರ. ಮೊದಲ ದಿನ ವಿಯಾ ಜಾಂಬೋನಿ ಎಂಬ ಬೀದಿಯಲ್ಲಿ ಅತ್ತಿಂದಿತ್ತ ಮೂರು ಸಲ ನಡೆದು, ಕೊನೆಗೆ ಸೈಕಲ್ ಹಿಡಿದು ನಿಂತಿದ್ದ ಹುಡುಗಿಯೊಬ್ಬಳನ್ನು ವಿಶ್ವವಿದ್ಯಾಲಯ ಎಲ್ಲಿದೆ ಎಂದು ಕೇಳಿದೆ. ಅವಳು ಎರಡೂ ಕೈ ಅಗಲಿಸಿ ಬೀದಿಯ ಎರಡೂ ಬದಿ ತೋರಿಸಿದಳು. ಗೇಟಿಲ್ಲ, ಕಾಂಪೌಂಡಿಲ್ಲ. ಒಂದು ವಿಭಾಗ ಹಳೆಯ ಅರಮನೆಯಲ್ಲಿ, ಇನ್ನೊಂದು ಕಾಫಿ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದರೆ. ಆದ್ದರಿಂದ ತರಗತಿ ಶುರುವಾಗುವ ಹಿಂದಿನ ದಿನವೇ ಹೋಗಿ ಬಾಗಿಲು, ಮಹಡಿ, ಕೋಣೆ ಎಲ್ಲವನ್ನೂ ನೋಡಿಕೊಂಡು ಬನ್ನಿ. ಮೊಬೈಲ್ ನಕಾಶೆ ಬೀದಿಯವರೆಗೆ ಮಾತ್ರ ಕರೆದೊಯ್ಯುತ್ತದೆ.

ಹೊರಡುವ ಮೊದಲೇ ಮಾಡಬೇಕಾದ ಕೆಲಸವೆಂದರೆ ಹೆಸರಿನದು. ನಮ್ಮ ಕಡೆಯ ಮಕ್ಕಳಿಗೆ ಇದು ದೊಡ್ಡ ತಲೆನೋವು. ನನ್ನ ಅಂಕಪಟ್ಟಿಗಳಲ್ಲಿ ಇದ್ದದ್ದು ಹೆಸರಿನ ಮುಂದೆ ಒಂದಕ್ಷರದ ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿಕೊಂಡು ಅಪ್ಪನ ಪೂರ್ತಿ ಹೆಸರಾಗಿ, ಮನೆತನದ ಹೆಸರಿನ ಜಾಗದಲ್ಲಿ ಕುಳಿತಿತ್ತು. ಇಬ್ಬರೂ ಒಬ್ಬಳೇ ಎಂದು ಪ್ರಮಾಣಪತ್ರ ಮಾಡಿಸಿ ತಂದಿದ್ದರಿಂದ ಉಳಿದುಕೊಂಡೆ. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಇರುವವರು ವೀಸಾ ಅರ್ಜಿಗೆ ಮೊದಲೇ ಅದನ್ನು ಸರಿಪಡಿಸಿಕೊಳ್ಳುವುದು ವಾಸಿ.

ಏಕೆಂದರೆ ಇಲ್ಲಿ ಬಂದೊಡನೆ ಬೇಕಾಗುವುದು ಕೋದಿಚೆ ಫಿಸ್ಕಾಲೆ ಎಂಬ ತೆರಿಗೆ ಸಂಖ್ಯೆ. ಮನೆ ಕರಾರಿನಿಂದ ಹಿಡಿದು ಬ್ಯಾಂಕ್ ಖಾತೆಯವರೆಗೆ ಅದನ್ನೇ ಕೇಳುತ್ತಾರೆ. ಒಟ್ಟು 16 ಅಕ್ಷರ-ಅಂಕೆಗಳು. ಮೊದಲ ಮೂರು ಮನೆತನದ ಹೆಸರಿನಿಂದ, ಮುಂದಿನ ಮೂರು ಸ್ವಂತ ಹೆಸರಿನಿಂದ, ಆಮೇಲೆ ಹುಟ್ಟಿದ ದಿನ, ಊರು. ಭಾರತದಲ್ಲಿ ಹುಟ್ಟಿದ ಎಲ್ಲರಿಗೂ ಝಡ್ 222. ನನ್ನ ಕಾಗದ ಕೈಗೆ ಬಂದಾಗ ಗಾಬರಿಯಾಯಿತು. ನಾನು ಹುಟ್ಟಿದ್ದು 12ನೇ ತಾರೀಖು, ಅದರಲ್ಲಿ 52 ಎಂದಿದೆ! ತಿದ್ದಿಸಲು ಮತ್ತೆ ಸಾಲಿನಲ್ಲಿ ನಿಂತೆ. ಕಿಟಕಿಯ ಆಚೆಗಿದ್ದ ಹೆಂಗಸು ನಕ್ಕು, ನನ್ನತ್ತ ಬೆರಳು ತೋರಿಸಿ, ಆಮೇಲೆ ತನ್ನತ್ತ ತೋರಿಸಿಕೊಂಡರು. ಹೆಂಗಸರಾದರೆ ಹುಟ್ಟಿದ ದಿನಕ್ಕೆ 40 ಸೇರಿಸುತ್ತಾರಂತೆ. ನಿಮ್ಮ ಅರ್ಧ ದಿನ ಉಳಿಯಲೆಂದು ಹೇಳುತ್ತಿದ್ದೇನೆ.

ಇನ್ನು ವಾಸದ ಪರವಾನಗಿ, ಅಂದರೆ ಪೆರ್ಮೆಸ್ಸೋ ದಿ ಸೊಜೋರ್ನೋ. ವೀಸಾ ಇದ್ದರೆ ಸಾಲದು. ದೇಶಕ್ಕೆ ಕಾಲಿಟ್ಟ 8 ಕೆಲಸದ ದಿನಗಳೊಳಗೆ ಅರ್ಜಿ ಹಾಕಬೇಕು. ಅರ್ಜಿಯ ಲಕೋಟೆ ಅಂಚೆ ಕಚೇರಿಯಲ್ಲಿ ಸಿಗುತ್ತದೆ, ಅದರ ಮೇಲಿಡಬೇಕಾದ 16 ಯೂರೋ ತೆರಿಗೆ ಚೀಟಿ ಮಾತ್ರ ಸಿಗುವುದು ಬೀಡಿ-ಸಿಗರೇಟಿನ ಅಂಗಡಿಯಲ್ಲಿ. ಬಾಗಿಲ ಮೇಲೆ ದೊಡ್ಡದಾಗಿ ‘ಟಿ’ ಅಕ್ಷರ ಇರುವ ಅಂಗಡಿ ಹುಡುಕಿ. ಪಾಸ್‌ಪೋರ್ಟಿನ ನಕಲು, ಪ್ರವೇಶ ಪತ್ರ, ಆರೋಗ್ಯ ವಿಮೆ, ಹಣದ ಪುರಾವೆ ಎಲ್ಲ ತುಂಬಿ ನಾನು ಶಿಸ್ತಾಗಿ ಲಕೋಟೆಗೆ ಅಂಟು ಹಚ್ಚಿದೆ. ಗುಮಾಸ್ತರು ನನ್ನೆದುರೇ ಅದನ್ನು ಹರಿದರು. ಒಳಗಿರುವುದನ್ನು ಅವರು ನೋಡಬೇಕಲ್ಲ, ಅಂಟಿಸಬೇಡಿ. ಶುಲ್ಕಗಳೆಲ್ಲ ಸೇರಿ ನೂರು ಯೂರೋ ದಾಟುತ್ತದೆ. ಅಲ್ಲಿ ಕೊಡುವ ರಸೀದಿಯನ್ನು ಜೋಪಾನವಾಗಿಡಿ. ಕಾರ್ಡ್ ಬರಲು ತಿಂಗಳುಗಳಾಗುತ್ತವೆ, ಅಲ್ಲಿಯವರೆಗೆ ಅದೇ ನಿಮ್ಮ ಆಧಾರ.

ಮನೆಯ ವಿಷಯದಲ್ಲಿ ನನ್ನ ಮಾತು ಒಂದೇ: ಕಣ್ಣಾರೆ ನೋಡದ ಕೋಣೆಗೆ ಊರಿನಿಂದಲೇ ಮುಂಗಡ ಕಳಿಸಬೇಡಿ. ಸೆಪ್ಟೆಂಬರ್‌ನಲ್ಲಿ ಈ ಊರಲ್ಲಿ ಕೋಣೆ ಸಿಗುವುದು ನಿಜಕ್ಕೂ ಕಷ್ಟ, ಆ ಕಷ್ಟವನ್ನೇ ಮೋಸಗಾರರು ಕಾಯುತ್ತಿರುತ್ತಾರೆ. ನಾನು ಹನ್ನೊಂದು ರಾತ್ರಿ ಹಾಸ್ಟೆಲ್ಲಿನ ಎಂಟು ಮಂಚದ ಕೋಣೆಯಲ್ಲಿ ಮಲಗಿದೆ. ಸಾಧ್ಯವಿದ್ದರೆ ಆಗಸ್ಟ್ ಕೊನೆಗೇ ಬನ್ನಿ. ನೋಂದಾಯಿಸಿದ ಕರಾರು ಬೇಕೆಂದು ಗಟ್ಟಿಯಾಗಿ ಕೇಳಿ.

ಸಸ್ಯಾಹಾರಿಗಳು ಇಟಾಲಿಯನ್ ಭಾಷೆಯಲ್ಲಿ ನಮಸ್ಕಾರಕ್ಕಿಂತ ಮೊದಲು ಕಲಿಯಬೇಕಾದ ಪದ ‘ಸ್ಟ್ರುಟ್ಟೋ’. ಅದು ಹಂದಿಯ ಕೊಬ್ಬು. ಮಾಂಸದ ತುಂಡು ಕಾಣಲಿಲ್ಲವೆಂದು ನಾನು ಮೊದಲ ವಾರ ಖುಷಿಯಿಂದ ತಿಂದ, ನಮ್ಮ ಪೂರಿಯನ್ನೇ ಹೋಲುವ ಕ್ರೆಶೆಂಟೀನೆಯ ಹಿಟ್ಟಿನಲ್ಲಿ ಅದು ಇರುತ್ತದೆ. ಕೇಳಿಯೇ ತಿನ್ನಿ. ಅಕ್ಕಿ, ಬೇಳೆ, ಹುಣಸೆಹಣ್ಣನ್ನು ಬಾಂಗ್ಲಾದೇಶದವರ ಅಂಗಡಿಗಳಲ್ಲಿ ಕೊಳ್ಳಬಹುದು. ಸಾರಿನ ಪುಡಿ ಮಾತ್ರ ಮನೆಯಿಂದಲೇ ತರಬೇಕು. ಅಮ್ಮ ಬಟ್ಟೆಗಳ ನಡುವೆ ಇಟ್ಟ ತುಪ್ಪದ ಡಬ್ಬಿಯನ್ನು ಹೊರಡುವ ಮುನ್ನ ತೆಗೆದುಬಿಡಿ, ಹೊರದೇಶದಿಂದ ಹಾಲಿನ ಪದಾರ್ಥ ತರಲು ಯುರೋಪಿನಲ್ಲಿ ಬಿಡುವುದಿಲ್ಲ.

ಮೊದಲ ತರಗತಿ ಒಂಬತ್ತಕ್ಕೆ. ಎಂಟೂಮುಕ್ಕಾಲಿಗೆ ಹೋಗಿ ಕುಳಿತೆ. ಒಂಬತ್ತಾದರೂ ಯಾರೂ ಇಲ್ಲ. ಕೋಣೆ ತಪ್ಪಿತೆಂದು ಎದ್ದು ಮಹಡಿಯೆಲ್ಲ ಸುತ್ತಿ ಬರುವಷ್ಟರಲ್ಲಿ ಪಾಠ ಆರಂಭವಾಗಿತ್ತು. ಇಲ್ಲಿ ಕಾಲುಗಂಟೆ ತಡವಾಗಿ ಶುರುಮಾಡುವುದೇ ಪದ್ಧತಿ, ಅದಕ್ಕೊಂದು ಹೆಸರೂ ಇದೆ. ಪರೀಕ್ಷೆಗಳಲ್ಲಿ ಬಹಳಷ್ಟು ಬಾಯಿಮಾತಿನವು. 30ಕ್ಕೆ 18 ಬಂದರೆ ಪಾಸು.

ಬಿಡುವು ಸಿಕ್ಕಿದರೆ ಆರ್ಕಿಜಿನ್ನಾಸಿಯೋ ನೋಡಿ. 1563ರಿಂದ 1803ರವರೆಗೆ ವಿಶ್ವವಿದ್ಯಾಲಯ ನಡೆದದ್ದು ಅಲ್ಲಿ. ಗೋಡೆ, ಛಾವಣಿಯ ತುಂಬ ಅಂದಿನ ವಿದ್ಯಾರ್ಥಿಗಳ ಮನೆತನದ ಲಾಂಛನಗಳು. ಹೆಣ ಕೊಯ್ದು ಪಾಠ ಹೇಳುತ್ತಿದ್ದ ಮರದ ಸಭಾಂಗಣ 1944ರಲ್ಲಿ ಬಾಂಬಿಗೆ ಸಿಕ್ಕಿ ಪುಡಿಯಾಗಿತ್ತು, ಮತ್ತೆ ಕಟ್ಟಿದ್ದಾರೆ. ಅಸಿನೆಲ್ಲಿ ಗೋಪುರದ 498 ಮೆಟ್ಟಿಲುಗಳನ್ನು ಓದು ಮುಗಿಯುವ ಮೊದಲು ಹತ್ತಿದರೆ ಪದವಿ ಸಿಗುವುದಿಲ್ಲವೆಂಬ ನಂಬಿಕೆ ವಿದ್ಯಾರ್ಥಿಗಳಲ್ಲಿದೆ. ಪಕ್ಕದ ಗರಿಸೆಂಡಾ ಗೋಪುರದ ದುರಸ್ತಿಗಾಗಿ 2023ರ ಕೊನೆಗೆ ಅದನ್ನೂ ಮುಚ್ಚಿದ್ದರಿಂದ ನನಗೆ ಧೈರ್ಯ ಪರೀಕ್ಷಿಸಿಕೊಳ್ಳುವ ಪ್ರಸಂಗ ಬರಲಿಲ್ಲ.

ವಾಸದ ಪರವಾನಗಿಗಾಗಿ ಬೆರಳಚ್ಚು ಕೊಡಲು ಕರೆಸಿದ ದಿನ ಇನ್ನೊಂದು ಎಡವಟ್ಟು. ಕಿಟಕಿಯಿಂದ ಯಾರೋ ಒಂದು ಹೆಸರನ್ನು ಎರಡು ಸಲ ಕೂಗಿದರು. ಉಚ್ಚಾರ ವಿಚಿತ್ರವಾಗಿದ್ದರೂ ನಮ್ಮ ಕಡೆಯ ಹೆಸರೇ ಎನಿಸಿ, ಆ ಗಂಡಸು ಯಾರೆಂದು ನಾನೂ ತಿರುಗಿ ನೋಡಿದೆ. ಯಾರೂ ಏಳಲಿಲ್ಲ. ಮೂರನೇ ಸಲ ಕೂಗಿದಾಗ ಹೊಳೆಯಿತು, ಅದು ಅಪ್ಪನ ಹೆಸರು. ಇಲ್ಲಿ ಕಚೇರಿಗಳಲ್ಲಿ ಮನೆತನದ ಹೆಸರನ್ನೇ ಕೂಗುವುದು. ಬಂದೆ ಬಂದೆ ಎಂದು ಕನ್ನಡದಲ್ಲೇ ಹೇಳುತ್ತ ಕಿಟಕಿಯತ್ತ ಓಡಿದೆ.